ಕೆಮ್ಮಿನ ಸಿರಪ್ ಬಾಟಲಿ ತಿರುಗಿಸಿ ಓದುವುದನ್ನು ಮೊದಲು ಕಲಿಸೋಣ

ಡಿಸೆಂಬರ್ ಬಂದರೆ ಧಾರವಾಡದ ಹಾಸ್ಟೆಲ್‌ಗಳಲ್ಲಿ ಕೆಮ್ಮು ಶುರು. ಅಂತರ ವಿಶ್ವವಿದ್ಯಾಲಯ ಕ್ರೀಡಾಕೂಟಗಳ ಹಂಗಾಮೂ ಅದೇ. ಬೆಳಿಗ್ಗೆ ಆರ್.ಎನ್. ಶೆಟ್ಟಿ ಕ್ರೀಡಾಂಗಣದಲ್ಲಿ ಓಡಿ ಬಂದ ಹುಡುಗ ಔಷಧಿ ಅಂಗಡಿ ಮುಂದೆ ನಿಂತು ‘ಅಣ್ಣಾ, ಕೆಮ್ಮಿಗೆ ಏನರ ಕೊಡ್ರಿ’ ಅನ್ನುತ್ತಾನೆ. ಸಿಕ್ಕ ಬಾಟಲಿಯಲ್ಲಿ ಶ್ವಾಸನಾಳ ಸಡಿಲಿಸುವ ಟರ್ಬುಟಲಿನ್ ಎಂಬ ಔಷಧ ಇದ್ದರೆ, ಆ ಎರಡು ಚಮಚ ಸಿರಪ್ಪೇ ಉದ್ದೀಪನ ಮದ್ದಿನ ಪ್ರಕರಣ ಆಗಬಹುದು.

ಕಾಲೇಜುಗಳ ಜಾಗೃತಿ ಕಾರ್ಯಕ್ರಮದಲ್ಲಿ ಸಾಮಾನ್ಯವಾಗಿ 1988ರ ಸೋಲ್ ಒಲಿಂಪಿಕ್ಸಿನಲ್ಲಿ ಸ್ಟೀರಾಯ್ಡಿಗೆ ಸಿಕ್ಕಿಬಿದ್ದ ಓಟಗಾರ ಬೆನ್ ಜಾನ್ಸನ್ ಕಥೆ ಬರುತ್ತದೆ, ಸ್ಟೀರಾಯ್ಡಿನ ದುಷ್ಪರಿಣಾಮ ಬರುತ್ತದೆ, ಕೊನೆಗೆ ಪ್ರತಿಜ್ಞೆ. ಕದ್ದು ಸೂಜಿ ಚುಚ್ಚಿಕೊಳ್ಳುವವನಿಗೆ ತಾನೇನು ಮಾಡುತ್ತಿದ್ದೇನೆ ಎಂಬುದು ಗೊತ್ತೇ ಇರುತ್ತದೆ. ಗೊತ್ತಿಲ್ಲದೆ ಸಿಕ್ಕಿಬೀಳುವ ಹುಡುಗ ಹುಡುಗಿಯರ ಪಾಲಿಗೆ ಆ ಒಂದು ತಾಸಿನಲ್ಲಿ ಏನೂ ಇರುವುದಿಲ್ಲ.

ಉದ್ದೀಪನ ಮದ್ದು ತಡೆಯ ನಿಯಮ ಬಹಳ ಕಠಿಣ. ಮೂತ್ರದಲ್ಲಿ ನಿಷೇಧಿತ ವಸ್ತು ಸಿಕ್ಕರೆ ಅದು ಹೇಗೆ ಬಂತು, ಯಾರು ಕೊಟ್ಟರು ಎಂಬುದು ಆಮೇಲಿನ ಮಾತು, ಹೊಣೆ ಮಾತ್ರ ಆಟಗಾರನದೇ. 2011ರಲ್ಲಿ ಭಾರತದ 4×400 ಮೀಟರ್ ರಿಲೇ ಓಟಗಾರ್ತಿಯರು ಸ್ಟೀರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಕೋಚ್ ಕೊಟ್ಟ ಜಿನ್ಸೆಂಗ್ ಗುಳಿಗೆಯಿಂದ ಬಂದದ್ದು ಎಂದು ವಾದಿಸಿ, 1 ವರ್ಷದ ನಿಷೇಧಕ್ಕೆ ಇಳಿಸಿಕೊಂಡರು. ಆದರೆ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನು 2 ವರ್ಷಕ್ಕೆ ಏರಿಸಿತು. ಈಗಿನ ನಿಯಮದಲ್ಲಿ ಟರ್ಬುಟಲಿನ್‌ನಂಥ ವಸ್ತುವಿಗೆ ಸಾಮಾನ್ಯವಾಗಿ 2 ವರ್ಷ. ತನ್ನ ತಪ್ಪು ಸಣ್ಣದೆಂದು ಆಟಗಾರ ಸಾಬೀತು ಮಾಡಿದರೆ ಕಡಿಮೆಯಾಗಬಹುದು. ಸ್ನಾಯು ಬೆಳೆಸುವ ಅನಬಾಲಿಕ್ ಸ್ಟೀರಾಯ್ಡಿಗೆ 4 ವರ್ಷ. ಡಿಗ್ರಿಯೇ ಮುಗಿದುಹೋಗುತ್ತದೆ.

ಸಿರಪ್ಪಿಗೆ ಬರೋಣ. ಬಾಟಲಿಯ ಹಿಂಭಾಗದಲ್ಲಿ ‘ಕಾಂಪೊಸಿಷನ್’ ಎಂಬ ಸಾಲಿನ ಕೆಳಗೆ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಮೂರು ನಾಲ್ಕು ಹೆಸರು ಇರುತ್ತವೆ. ಗ್ವೈಫೆನೆಸಿನ್, ಬ್ರೊಮ್‌ಹೆಕ್ಸಿನ್, ಆಂಬ್ರಾಕ್ಸಾಲ್, ಡೆಕ್ಸ್ಟ್ರೊಮೆಥಾರ್ಫಾನ್ ಇದ್ದರೆ ಭಯವಿಲ್ಲ. ಇವುಗಳ ಜೊತೆ ಟರ್ಬುಟಲಿನ್ ಸೇರಿದ್ದರೆ, ಸ್ಪರ್ಧೆ ಇರಲಿ ಬಿಡಲಿ, ಆ ಸಿರಪ್ ಸದಾಕಾಲ ನಿಷೇಧ. ಸಾಲ್ಬುಟಮಾಲ್ ಅಥವಾ ಲೆವೊಸಾಲ್ಬುಟಮಾಲ್ ಇದ್ದರೆ ಸಿರಪ್, ಗುಳಿಗೆ ಎರಡೂ ನಿಷೇಧ. ಗೊಂದಲ ಆಗುವುದೇ ಇಲ್ಲಿ: ಅದೇ ಸಾಲ್ಬುಟಮಾಲ್ ಇನ್ಹೇಲರ್‌ನಲ್ಲಿ ಮಿತಿಯೊಳಗೆ ಸರಿ. 24 ತಾಸಿಗೆ 1600 ಮೈಕ್ರೋಗ್ರಾಂ, ಅದರಲ್ಲೂ ಯಾವುದೇ 8 ತಾಸಿನಲ್ಲಿ 600 ದಾಟಬಾರದು. 100 ಮೈಕ್ರೋಗ್ರಾಮಿನ ಪಫ್ ಆದರೆ 8 ತಾಸಿಗೆ ಆರು ಪಫ್. ಉಬ್ಬಸ ಇರುವ ಆಟಗಾರ್ತಿಗೆ ಇನ್ಹೇಲರ್ ಬಿಡಿಸಿ ಸಿರಪ್ ಕೊಟ್ಟರೆ ಕೇಡು ಎರಡು ಬಗೆಯಲ್ಲಿ. ನೆಗಡಿ ಗುಳಿಗೆಯಲ್ಲಿ ಫಿನೈಲೆಫ್ರಿನ್ ಇದ್ದರೆ ತೊಂದರೆ ಇಲ್ಲ. ಸ್ಯೂಡೊಎಫೆಡ್ರಿನ್ ಇದ್ದರೆ ಸ್ಪರ್ಧೆಗೆ ಕನಿಷ್ಠ 24 ತಾಸು ಮೊದಲೇ ನಿಲ್ಲಿಸಬೇಕು. ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೊಫೆನಾಕ್, ಸೆಟಿರಿಜಿನ್ ಬಗ್ಗೆ ಆತಂಕ ಬೇಡ. ಆದರೆ ನೋವಿಗೆ ಬರೆಯುವ ಟ್ರಾಮಡಾಲ್ 2024ರ ಜನವರಿ 1ರಿಂದ ಸ್ಪರ್ಧೆಯ ಅವಧಿಯಲ್ಲಿ ನಿಷೇಧ. ಆ ಅವಧಿ ಶುರುವಾಗುವುದು ಸ್ಪರ್ಧೆಯ ಹಿಂದಿನ ರಾತ್ರಿ 11.59ಕ್ಕೆ.

ಎರಡನೆಯದು ಸಲೈನ್. ನಮ್ಮ ಕಡೆ ಸುಸ್ತು ಅಂದರೆ ‘ಒಂದು ಸಲೈನ್ ಹಚ್ಚಿಸಿಕೊಂಡು ಬಾ’ ಎನ್ನುವುದು ರೂಢಿ. ಹಾವೇರಿಯ ಕಬಡ್ಡಿ ಹುಡುಗನಾಗಲಿ, ಗದಗಿನ ಪೈಲ್ವಾನನಾಗಲಿ, ಪಂದ್ಯದ ಹಿಂದಿನ ದಿನ ಊರಿನ ದವಾಖಾನೆಯಲ್ಲಿ ಮಲಗಿ ಬಾಟಲಿ ಹಾಕಿಸಿಕೊಳ್ಳುವುದನ್ನು ಯಾರೂ ತಪ್ಪೆಂದು ತಿಳಿದಿಲ್ಲ. 12 ತಾಸಿನಲ್ಲಿ 100 ಮಿ.ಲೀ.ಗಿಂತ ಹೆಚ್ಚು ದ್ರವವನ್ನು ರಕ್ತನಾಳಕ್ಕೆ ಹಾಕಿಸುವುದು ನಿಷೇಧಿತ ವಿಧಾನ. ಸಾಮಾನ್ಯ ಬಾಟಲಿಯಲ್ಲಿ ಇರುವುದು 500 ಮಿ.ಲೀ. ಒಳಗೆ ಬರೀ ಉಪ್ಪುನೀರು ಇದ್ದರೂ ಅಪರಾಧವೇ, ಏಕೆಂದರೆ ಮೂತ್ರ ಮತ್ತು ರಕ್ತವನ್ನು ತೆಳುಮಾಡಿ ಬೇರೆ ಮದ್ದನ್ನು ಮುಚ್ಚಿಡಲು ಇದೇ ದಾರಿ ಬಳಕೆಯಾಗುತ್ತದೆ. ಆಸ್ಪತ್ರೆಯ ಚಿಕಿತ್ಸೆ, ಶಸ್ತ್ರಚಿಕಿತ್ಸೆ, ರೋಗ ಪತ್ತೆಯ ಪರೀಕ್ಷೆಗೆ ವಿನಾಯಿತಿ ಇದೆ. ಡೆಂಗಿ ಆಗಿ ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಯಲ್ಲಿ ಮಲಗಿದವರು ಹೆದರಬೇಕಿಲ್ಲ, ಕೇಸ್ ಪೇಪರ್ ಮತ್ತು ಡಿಸ್ಚಾರ್ಜ್ ಸಾರಾಂಶ ಜೋಪಾನ ಮಾಡಿದರೆ ಸಾಕು. ಬಿಸಿಲಿನ ಸುಸ್ತಿಗೆ ಕಾಯಿಸಿ ಆರಿಸಿದ 1 ಲೀಟರ್ ನೀರಿಗೆ ಒಂದು ದೊಡ್ಡ ಓಆರ್‌ಎಸ್ ಪಾಕೀಟು.

ಅದೇ ದವಾಖಾನೆಯಲ್ಲಿ ಮೊಣಕಾಲು ನೋವಿಗೋ ಅಲರ್ಜಿಗೋ ಕೊಡುವ ಇಂಜೆಕ್ಷನ್ ಸ್ಟೀರಾಯ್ಡ್ ಆಗಿರಬಹುದು. ಇದು ಅನಬಾಲಿಕ್ ಅಲ್ಲ, ಊತ ಇಳಿಸುವ ಬಗೆ; ಈ ಬಗೆಯ ಸ್ಟೀರಾಯ್ಡುಗಳಿಗೆ ನಿಷೇಧ ಸ್ಪರ್ಧೆಯ ಅವಧಿಗೆ ಮಾತ್ರ. ಆದರೆ ದೇಹದಿಂದ ಇಳಿಯಲು ಹಿಡಿಯುವ ಕಾಲ ಒಂದಕ್ಕೊಂದು ಹೋಲುವುದಿಲ್ಲ. ಸ್ನಾಯುವಿಗೆ ಚುಚ್ಚಿದ ಡೆಕ್ಸಾಮೆಥಾಸೋನ್‌ಗೆ 5 ದಿನ, ಅದೇ ರೀತಿ ಚುಚ್ಚಿದ ಟ್ರಯಾಮ್ಸಿನೊಲೋನ್‌ಗೆ 60 ದಿನ. ‘ಏನೋ ಒಂದು ಸೂಜಿ ಮಾಡಿದ್ರು’ ಎನ್ನುವ ಉತ್ತರ ಇಲ್ಲಿ ಕೈಕೊಡುತ್ತದೆ. ಔಷಧದ ಹೆಸರು, ಪ್ರಮಾಣ, ಚುಚ್ಚಿದ ಜಾಗ, ದಿನಾಂಕ ಚೀಟಿಯಲ್ಲಿ ಬರೆಸಿಕೊಳ್ಳಲೇಬೇಕು. ಚರ್ಮಕ್ಕೆ ಹಚ್ಚುವ ಸ್ಟೀರಾಯ್ಡ್ ಮುಲಾಮಿಗೆ ತಡೆಯಿಲ್ಲ.

ಕುಸ್ತಿ, ಜೂಡೊ, ವೇಟ್‌ಲಿಫ್ಟಿಂಗ್‌ನಲ್ಲಿ ತೂಕ ಇಳಿಸಲು ಮನೆಯ ಹಿರಿಯರ ಬಿಪಿ ಗುಳಿಗೆ ನುಂಗುವುದು ಬೇರೆಯೇ ರೋಗ. ಫ್ಯುರೊಸೆಮೈಡ್, ಹೈಡ್ರೊಕ್ಲೊರೊಥಯಾಜೈಡ್ ಮೂತ್ರ ಹೆಚ್ಚಿಸುತ್ತವೆ, ಸದಾಕಾಲ ನಿಷೇಧ, ಪೊಟ್ಯಾಶಿಯಂ ಕುಸಿದರೆ ಹೃದಯದ ಬಡಿತವೇ ತಪ್ಪುತ್ತದೆ. ಜಿಮ್‌ಗಳಲ್ಲಿ ಕೈಬದಲಾಗುವ ಮೆಫೆಂಟರ್ಮಿನ್ ಇಂಜೆಕ್ಷನ್, ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಬಿದ್ದುಹೋದ ರಕ್ತದೊತ್ತಡ ಎತ್ತಲು ಇರುವ ಔಷಧ. ಅದನ್ನು ‘ಶಕ್ತಿಯ ಸೂಜಿ’ ಎಂದು ಮಾರುವವರು ಕ್ರೀಡಾ ನಿಯಮದ ಮುಂದೆ ನಿಲ್ಲುವ ಮೊದಲೇ ಜೀವಕ್ಕೆ ಕೈಹಾಕಿದ್ದಾರೆ.

ಪ್ರೋಟೀನ್ ಪುಡಿಗಳ ಬಗ್ಗೆ ಇಷ್ಟೇ: ಡಬ್ಬಿಯ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇದ್ದಮಾತ್ರಕ್ಕೆ ಉದ್ದೀಪನ ಮದ್ದಿಲ್ಲ ಎಂದರ್ಥವಲ್ಲ. ಆಯುರ್ವೇದ, ‘ಹರ್ಬಲ್’ ಎಂಬ ಪದಗಳೂ ರಕ್ಷಣೆ ಕೊಡುವುದಿಲ್ಲ. ತೊಗೊಳ್ಳಲೇಬೇಕೆಂದರೆ ಬಿಲ್ ಇಡಿ, ಬ್ಯಾಚ್ ಸಂಖ್ಯೆಯ ಫೋಟೊ ಹೊಡೆಯಿರಿ, ಪುರಾವೆಗೆ ಡಬ್ಬಿಯ ತಳದಲ್ಲಿ ಸ್ವಲ್ಪ ಉಳಿಸಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಡಿಯಾಗಿ ಕೊಡುವ ಪುಡಿಯನ್ನು ಮುಟ್ಟಬೇಡಿ. ಮೊಳಕೆ ಹೆಸರು, ಶೇಂಗಾ, ಹಾಲು, ತತ್ತಿ ಇರುವ ಊರಿನಲ್ಲಿ ಹೆಚ್ಚಿನವರಿಗೆ ಅದರ ಅಗತ್ಯವೇ ಬೀಳುವುದಿಲ್ಲ.

ಆಟಗಾರ್ತಿಯರು ಕೇಳಲು ಸಂಕೋಚಪಡುವ ಒಂದು ಪ್ರಶ್ನೆ: ಮುಟ್ಟು ಮುಂದೂಡುವ ಗುಳಿಗೆ. ಅದರಲ್ಲಿರುವ ನೊರೆಥಿಸ್ಟಿರೋನ್ ನಿಷೇಧಿತವಲ್ಲ. ಆದರೆ ದೇಹದಲ್ಲಿ ಕರಗುವಾಗ ನ್ಯಾಂಡ್ರೊಲೋನ್ ಎಂಬ ನಿಷೇಧಿತ ಸ್ಟೀರಾಯ್ಡಿನದೇ ಒಂದು ಕುರುಹನ್ನು ಅಲ್ಪ ಪ್ರಮಾಣದಲ್ಲಿ ಬಿಡಬಲ್ಲದು. ಆದ್ದರಿಂದ ಪರೀಕ್ಷೆಯ ನಮೂನೆಯಲ್ಲಿ ಅದರ ಹೆಸರು ಬರೆಯುವುದು ಮುಖ್ಯ. ಇದನ್ನು ಹೇಳಲು ತಂಡದ ಜೊತೆ ಒಬ್ಬ ಮೇಡಂ ಇರಬೇಕು.

ಇನ್ನು ಕಲಿಸುವ ಬಗೆ. ಮೂವತ್ತು ಮಕ್ಕಳ ಮುಂದೆ ಔಷಧಿ ಅಂಗಡಿಯಿಂದ ತಂದ ಹದಿನೈದು ಖಾಲಿ ಬಾಕ್ಸ್, ಬಾಟಲಿ ಇಡಿ. ಇಬ್ಬಿಬ್ಬರಿಗೆ ಒಂದು. ಕಾಂಪೊಸಿಷನ್ ಸಾಲನ್ನು ವಹಿಯಲ್ಲಿ ಕನ್ನಡದಲ್ಲಿ ಬರೆದುಕೊಂಡು, ಒಂದೊಂದೇ ಹೆಸರನ್ನು ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಘಟಕ ಅಂದರೆ ನಾಡಾದ ‘ನೋ ಯುವರ್ ಮೆಡಿಸಿನ್’ ಆ್ಯಪ್‌ನಲ್ಲಿ ಹುಡುಕಲಿ. ಕನ್ನಡ ಮಾಧ್ಯಮದಿಂದ ಬಂದ ಹುಡುಗಿ ಟರ್ಬುಟಲಿನ್ ಎಂಬ ಪದವನ್ನು ತನ್ನ ಲಿಪಿಯಲ್ಲಿ ಒಮ್ಮೆ ಬರೆದರೆ, ಅಂಗಡಿಯಲ್ಲಿ ಬಾಯಿಬಿಟ್ಟು ‘ಇದರಾಗ ಟರ್ಬುಟಲಿನ್ ಐತೇನ್ರಿ?’ ಎಂದು ಕೇಳುತ್ತಾಳೆ.

ಎರಡನೇ ತಾಸು ಮೂತ್ರ ಪರೀಕ್ಷೆಯ ತಾಲೀಮಿಗೆ. ಕರೆ ಬಂದಾಗ ಓಡಿಹೋಗುವುದು, ನಿರಾಕರಿಸುವುದು 4 ವರ್ಷದ ಅಪರಾಧ. ಜೊತೆಗಾರ ಅಧಿಕಾರಿಯ ಕಣ್ಣೆದುರೇ ಇದ್ದು ಬಹುಮಾನ ಪಡೆಯಬಹುದು, ಗಾಯಕ್ಕೆ ಚಿಕಿತ್ಸೆ ಪಡೆಯಬಹುದು. ಕೋಚ್ ಒಬ್ಬರನ್ನು ಕರೆದೊಯ್ಯುವ ಹಕ್ಕಿದೆ. ಬೇಕಾಗುವುದು ಕನಿಷ್ಠ 90 ಮಿ.ಲೀ. ಮೊದಲು ಬಿ ಬಾಟಲಿಗೆ 30, ಆಮೇಲೆ ಎ ಬಾಟಲಿಗೆ 60, ಸುರಿಯುವುದು ಆಟಗಾರರೇ. ಹೆದರಿಕೆಯಿಂದ ಎರಡು ಮೂರು ಲೀಟರ್ ನೀರು ಕುಡಿಯುತ್ತಾರೆ, ಮೂತ್ರ ತೆಳುವಾಗುತ್ತದೆ, ಮತ್ತೆ ಕೊಡಬೇಕಾಗುತ್ತದೆ, ರೈಲು ತಪ್ಪುತ್ತದೆ. ಸೀಲ್ ಆದ ನೀರಿನ ಬಾಟಲಿಯಿಂದ ಗುಟುಕು ಗುಟುಕಾಗಿ ಕುಡಿದರೆ ಸಾಕು. ಹಿಂದಿನ 7 ದಿನದ ಗುಳಿಗೆ, ಸಿರಪ್, ಪುಡಿ ಎಲ್ಲವನ್ನೂ ನಮೂನೆಯಲ್ಲಿ ಬರೆಯಬೇಕು. ಸೀಲಿನ ಸಂಖ್ಯೆ ತಾಳೆ ನೋಡಿ, ಆಕ್ಷೇಪವಿದ್ದರೆ ಅಲ್ಲೇ ದಾಖಲಿಸಿ, ಸಹಿ ಹಾಕಿ, ಪ್ರತಿ ಪಡೆಯಬೇಕು.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ಸ್ಪರ್ಧೆಗೆ ಕನಿಷ್ಠ 30 ದಿನ ಮುಂಚೆ ಚಿಕಿತ್ಸಾ ವಿನಾಯಿತಿಗೆ ಅರ್ಜಿ ಹಾಕಬೇಕು, ವೈದ್ಯರ ದಾಖಲೆ ಸಮೇತ.

ದೈಹಿಕ ಶಿಕ್ಷಣ ನಿರ್ದೇಶಕರಿಗೆ ಒಂದು ಮಾತು. ನಿಷೇಧಿತ ಪಟ್ಟಿ ಪ್ರತಿವರ್ಷ ಜನವರಿ 1ಕ್ಕೆ ಬದಲಾಗುತ್ತದೆ, ನಮ್ಮ ಹಂಗಾಮಿನ ನಟ್ಟನಡುವೆ. ನವೆಂಬರ್‌ನಲ್ಲಿ ಜಿಮ್‌ಖಾನಾ ಗೋಡೆಗೆ ಅಂಟಿಸಿದ ಹಾಳೆ ಜನವರಿಯ ಪಂದ್ಯಕ್ಕೆ ಹಳೆಯದು. ಹೊಸ ಪಟ್ಟಿ ಮೂರು ತಿಂಗಳು ಮೊದಲೇ ಪ್ರಕಟವಾಗಿರುತ್ತದೆ. ಡಿಸೆಂಬರ್ ಕೊನೆಯ ವಾರವೇ ಹಾಳೆ ಬದಲಿಸಿ, ಹಾಸ್ಟೆಲ್ ಎದುರಿನ ಔಷಧಿ ಅಂಗಡಿಯವರಿಗೂ ಒಂದು ಪ್ರತಿ ಕೊಟ್ಟು ಬನ್ನಿ.