ತೆರಿಗೆ ಗ್ಯಾಸಿಗೋ, ಸಕ್ಕರೆಗೋ?

ಮಂಡ್ಯದಲ್ಲಿ ಕೂತು ಸಕ್ಕರೆಗೆ ತೆರಿಗೆ ಹಾಕಿ ಅಂತ ಬರೆಯುವುದು ಸುಲಭ ಅಲ್ಲ. ಕನ್ನಂಬಾಡಿ ನೀರು ನಾಲೆಗೆ ಬಂತು, 1933ರಲ್ಲಿ ಊರಿಗೆ ಸಕ್ಕರೆ ಕಾರ್ಖಾನೆ ಬಂತು. ಅಲ್ಲಿಂದ ಈಚೆಗೆ ಮದುವೆ, ಮನೆ, ಮಕ್ಕಳ ಫೀಸು ಎಲ್ಲದರ ಲೆಕ್ಕವೂ ಕಬ್ಬಿನ ಟನ್ನಿನ ಮೇಲೇ ನಿಂತಿದೆ. ಅದೇ ಮನೆಗಳಲ್ಲಿ ಈಗ ಬೆಳಗ್ಗೆ ತಿಂಡಿಗೆ ಮುಂಚೆ ಮಾತ್ರೆ ನುಂಗುವವರು ಒಬ್ಬರಾದರೂ ಇರುತ್ತಾರೆ. ನಮ್ಮಪ್ಪನಿಗೆ ಶುಗರ್ ಬಂದು 14 ವರ್ಷ ಆಯಿತು. ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು 10.1 ಕೋಟಿ ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಜೊತೆ ಸೇರಿ ನಡೆಸಿದ ದೊಡ್ಡ ಸಮೀಕ್ಷೆ 2023ರಲ್ಲಿ ಹೇಳಿತು. ಕಾರ್ಖಾನೆಗೂ ಕಾಯಿಲೆಗೂ ಸಕ್ಕರೆ ಅಂತ ಒಂದೇ ಹೆಸರು ಇರುವ ಊರು ನಮ್ಮದು, ಹಾಗಾಗಿ ಸಿಹಿ ಪಾನೀಯದ ಸಕ್ಕರೆಗೆ ತೆರಿಗೆ ಹಾಕಬೇಕಾ ಅನ್ನುವ ಚರ್ಚೆ ದೆಹಲಿಗಿಂತ ನಮಗೇ ಹತ್ತಿರದ್ದು.

ಹೋದ ತಿಂಗಳು ಪಾಂಡವಪುರದ ಕಡೆಯಿಂದ ನಮ್ಮ ಭಾವ ಬಂದಿದ್ದರು. ಮೂರು ಎಕರೆ ಕಬ್ಬು ಅವರದ್ದು. ಮಕ್ಕಳು ಅಂಗಡಿಯಿಂದ ಎರಡು ಬಾಟಲಿ ತಂದಿದ್ದರು, ಒಂದು 600 ಮಿ.ಲೀ. ಕೋಲಾ, ಇನ್ನೊಂದು ಮಾವಿನ ಹಣ್ಣಿನ ಪಾನೀಯ. ಕೋಲಾದ ಹಿಂದೆ ಸಣ್ಣ ಅಕ್ಷರದಲ್ಲಿ 100 ಮಿ.ಲೀ.ಗೆ 10.6 ಗ್ರಾಂ ಸಕ್ಕರೆ ಅಂತ ಇತ್ತು. ಅಡುಗೆಮನೆಯ ತಕ್ಕಡಿ ತಂದು ಡಬ್ಬಿಯಿಂದ ಸಕ್ಕರೆ ತೂಗಿದೆ. 63 ಗ್ರಾಂ. ಸ್ಟೀಲ್ ಲೋಟದಲ್ಲಿ ಮೂರನೇ ಒಂದು ಭಾಗ ತುಂಬಿತು, ಚಮಚದ ಲೆಕ್ಕದಲ್ಲಿ ಹನ್ನೆರಡು ದಾಟಿತು. ಭಾವ ಲೋಟ ಎತ್ತಿ ಒಂದು ಸಲ ಅಲ್ಲಾಡಿಸಿ ನೋಡಿ, "ಇಷ್ಟನ್ನ ಕಾಫಿಗೆ ಹಾಕಿ ಕೊಟ್ರೆ ಯಾರಪ್ಪ ಕುಡಿತಾರೆ?" ಅಂದರು.

ಸರಿಯಾದ ಪ್ರಶ್ನೆ. ಕಾಫಿಯಲ್ಲಾದರೆ ಎರಡು ಗುಟುಕಿಗೇ ಸಾಕಾಗುತ್ತದೆ. ಕೋಲಾದಲ್ಲಿ ಆಮ್ಲ ಇದೆ, ಗ್ಯಾಸ್ ಇದೆ, ಜೊತೆಗೆ ಅದು ಐಸ್‌ನಂತೆ ತಣ್ಣಗಿರುತ್ತದೆ. ತಣ್ಣಗಿರುವಾಗ ನಾಲಗೆಗೆ ಸಿಹಿ ಕಡಿಮೆ ಗೊತ್ತಾಗುತ್ತದೆ, ಹುಳಿ ಉಳಿದ ಸಿಹಿಯನ್ನು ಮರೆಮಾಡುತ್ತದೆ. ಗ್ಯಾಸ್ ಹೋದ, ಬಿಸಿಲಿಗೆ ಬೆಚ್ಚಗಾದ ಬಾಟಲಿಯನ್ನು ಒಂದು ಗುಟುಕು ಕುಡಿದು ನೋಡಿ, ಪಾಕ ಕುಡಿದ ಹಾಗೇ ಇರುತ್ತದೆ. ದಿನಕ್ಕೆ 2,000 ಕ್ಯಾಲೊರಿ ತಿನ್ನುವ ದೊಡ್ಡವರಿಗೆ ಇಂಥ ಸಕ್ಕರೆ 50 ಗ್ರಾಂ ದಾಟಬಾರದು, 25ರ ಒಳಗಿದ್ದರೆ ಇನ್ನೂ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆ ಒಂದು ಬಾಟಲಿಯೇ ಗೆರೆ ದಾಟಿಸಿತು.

ಕುಡಿಯುವ ಸಕ್ಕರೆಯ ಮೇಲೆ ಯಾಕಿಷ್ಟು ಕಣ್ಣು ಅಂದರೆ, ಇಲ್ಲಿನ ಮಕ್ಕಳಿಗೂ ಗೊತ್ತಿರುವ ಒಂದು ಉದಾಹರಣೆ ಕೊಡುತ್ತೇನೆ. ಗದ್ದೆ ಬದುವಿನ ಮೇಲೆ ಕೂತು ಒಂದು ಜಲ್ಲೆ ಕಬ್ಬು ಸಿಗಿದು ಜಗಿಯಿರಿ. ಅರ್ಧ ಗಂಟೆ ಬೇಕು, ದವಡೆ ನೋಯುತ್ತದೆ, ಮುಗಿಯುವ ಮೊದಲೇ ಸಾಕು ಅನ್ನಿಸುತ್ತದೆ. ಅದೇ ಕಬ್ಬನ್ನು ಗಾಣಕ್ಕೆ ಕೊಟ್ಟು, ಶುಂಠಿ ನಿಂಬೆ ಹಾಕಿಸಿ ಹಾಲು ಮಾಡಿಸಿದರೆ ಎರಡು ನಿಮಿಷದಲ್ಲಿ ಲೋಟ ಖಾಲಿ, ಇನ್ನೊಂದು ಲೋಟಕ್ಕೂ ಜಾಗ ಇರುತ್ತದೆ. ಜಗಿದಾಗ ಹೊಟ್ಟೆ ತುಂಬಿದ ಸುದ್ದಿ ಮೆದುಳಿಗೆ ಮುಟ್ಟಲು ಸಮಯ ಸಿಗುತ್ತದೆ, ಕುಡಿದಾಗ ಸಿಗುವುದಿಲ್ಲ. ಕುಡಿದೆವು ಅಂತ ರಾತ್ರಿ ಮುದ್ದೆ ಕಡಿಮೆ ಉಣ್ಣುವುದೂ ಇಲ್ಲ, ಅಲ್ವಾ? ಒಳಗೆ ಹೋದ ಸಕ್ಕರೆ ಸಣ್ಣ ಕರುಳಿನಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಅಂತ ಎರಡಾಗಿ ಒಡೆಯುತ್ತದೆ. ಗ್ಲೂಕೋಸ್ ರಕ್ತಕ್ಕೆ ಏರಿ ಇನ್ಸುಲಿನ್ ಬೇಡುತ್ತದೆ. ಫ್ರಕ್ಟೋಸ್‌ನ ಹೆಚ್ಚಿನ ಪಾಲು ಲಿವರ್‌ಗೆ ಹೋಗುತ್ತದೆ. ದಿನವೂ ಒಮ್ಮೆಲೇ ಜಾಸ್ತಿ ಬಂದರೆ ಲಿವರ್ ಅದನ್ನು ಕೊಬ್ಬು ಮಾಡಿ ಇಟ್ಟುಕೊಳ್ಳುತ್ತದೆ. ಬೆಲ್ಲ ಆದರೆ ಪರವಾಗಿಲ್ಲ ಅನ್ನುವವರಿಗೂ ಒಂದು ಮಾತು, ಬೆಲ್ಲದಲ್ಲಿ ಬಹುಪಾಲು ಇರುವುದು ಇದೇ ಸಕ್ಕರೆ. ನನಗೂ ಇದು ಹೇಳಲು ಬೇಸರ, ಆಲೆಮನೆಯ ಬಿಸಿ ಬೆಲ್ಲ ತಿಂದು ಬೆಳೆದವನು ನಾನು.

ಈಗ ತೆರಿಗೆಗೆ ಬರೋಣ. ನಮ್ಮಲ್ಲಿ ಹೊಸದಾಗಿ ಹಾಕಬೇಕಾ ಅಂತ ಎಲ್ಲರೂ ವಾದ ಮಾಡುತ್ತಾರೆ. ಆದರೆ ಆ ಕೋಲಾ ಬಾಟಲಿಯ ಮೇಲೆ ಈಗಾಗಲೇ 40% ತೆರಿಗೆ ಇದೆ. 2017ರಲ್ಲಿ ಜಿಎಸ್‌ಟಿ ಬಂದಾಗ 28% ತೆರಿಗೆ, 12% ಸೆಸ್ ಇತ್ತು. 2025ರ ಸೆಪ್ಟೆಂಬರ್ 22ರಿಂದ ಎರಡೂ ಸೇರಿ ನೇರವಾಗಿ 40% ಆಯಿತು. ಜಗತ್ತಿನ ಎಷ್ಟೋ ದೇಶಗಳಿಗಿಂತ ಇದು ಜಾಸ್ತಿ.

ಆದರೆ ಮಕ್ಕಳು ತಂದ ಇನ್ನೊಂದು ಬಾಟಲಿ ನೋಡಿ. ಮಾವಿನ ಪಾನೀಯದಲ್ಲಿ 100 ಮಿ.ಲೀ.ಗೆ 13 ಗ್ರಾಂ ಸಕ್ಕರೆ, ಕೋಲಾಗಿಂತ ಹೆಚ್ಚು. ಅದಕ್ಕೆ ತೆರಿಗೆ 5%. ಅದೇ ಮಾವಿನ ರಸಕ್ಕೆ ಗ್ಯಾಸ್ ತುಂಬಿದರೆ 40%. ಸಕ್ಕರೆಯೇ ಇಲ್ಲದ ಡಯಟ್ ಕೋಲಾಕ್ಕೂ 40%. ಅಂದರೆ ನಾವು ಗುಳ್ಳೆಗೆ ತೆರಿಗೆ ಹಾಕುತ್ತಿದ್ದೇವೆ, ಸಕ್ಕರೆಗಲ್ಲ. ಕಂಪನಿಯವರು ಸಕ್ಕರೆಯನ್ನು ಅರ್ಧ ಮಾಡಿದರೂ ಅವರಿಗೆ ಒಂದು ಪೈಸೆ ತೆರಿಗೆ ಉಳಿಯುವುದಿಲ್ಲ. ಮತ್ತೆ ಯಾಕೆ ಕಡಿಮೆ ಮಾಡುತ್ತಾರೆ? ನನ್ನ ಮುಖ್ಯ ತಕರಾರು ಇದೇ.

ಬ್ರಿಟನ್‌ನಲ್ಲಿ ಮಾಡಿದ್ದು ಬೇರೆ. 2016ರ ಮಾರ್ಚ್‌ನಲ್ಲಿ ಅಲ್ಲಿನ ಹಣಕಾಸು ಮಂತ್ರಿ ಜಾರ್ಜ್ ಆಸ್ಬೋರ್ನ್ ಘೋಷಿಸಿದರು, ಜಾರಿಗೆ ಬಂದದ್ದು 2018ರ ಏಪ್ರಿಲ್ 6ರಂದು. ಆಗ 100 ಮಿ.ಲೀ.ಗೆ 5 ಗ್ರಾಂ ಒಳಗಿದ್ದರೆ ತೆರಿಗೆ ಇರಲಿಲ್ಲ. 5 ಗ್ರಾಂ ಆದರೆ ಲೀಟರಿಗೆ 18 ಪೆನ್ಸ್, 8 ಗ್ರಾಂ ಆದರೆ 24 ಪೆನ್ಸ್ ಇತ್ತು. ನಡುವೆ ಎರಡು ವರ್ಷ ಟೈಮ್ ಸಿಕ್ಕಿತ್ತಲ್ಲ, ಅಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ತಯಾರಕರು ಸಕ್ಕರೆ ಇಳಿಸಿಬಿಟ್ಟರು. ವರ್ಷಕ್ಕೆ 4.5 ಕೋಟಿ ಕಿಲೋ ಸಕ್ಕರೆ ಕಡಿಮೆಯಾಯಿತು ಅಂತ ಅಲ್ಲಿನ ಸರ್ಕಾರವೇ ಲೆಕ್ಕ ಕೊಟ್ಟಿತು. 52 ಕೋಟಿ ಪೌಂಡ್ ಬರುತ್ತದೆ ಅಂದುಕೊಂಡಿದ್ದ ತೆರಿಗೆಯ ಅಂದಾಜು 24 ಕೋಟಿಗೆ ಇಳಿಯಿತು, ಅದಕ್ಕೆ ಯಾರೂ ಅಳಲಿಲ್ಲ, ಬೇಕಾಗಿದ್ದದ್ದೇ ಅದು. ಜನ ಕುಡಿಯುವ ಪ್ರಮಾಣ ಹಾಗೇ ಇತ್ತು, ಮನೆಗೆ ಹೋಗುವ ಪಾನೀಯದ ಸಕ್ಕರೆ ಮಾತ್ರ 10%ರಷ್ಟು ತಗ್ಗಿತು ಅಂತ ಆಮೇಲಿನ ಅಧ್ಯಯನದಲ್ಲಿ ಕಂಡಿತು. ಸಕ್ಕರೆ ಬದಲು ಸೇರಿದ ಕೃತಕ ಸಿಹಿಯ ಬಗ್ಗೆ ಅನುಮಾನ ಇದ್ದೇ ಇದೆ. ತೂಕ ಇಳಿಸಲು ಅದನ್ನು ನಂಬಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಹಾಗಾಗಿ ಸಿಹಿಯೇ ಕಡಿಮೆ ಆಗಬೇಕು ಅನ್ನುವ ಪಕ್ಷ ನನ್ನದು.

ಮೆಕ್ಸಿಕೋದವರು 2014ರಲ್ಲಿ ಲೀಟರಿಗೆ ಒಂದು ಪೆಸೊ ಹಾಕಿದರು. ಮೊದಲ ವರ್ಷ ಖರೀದಿ ಸರಾಸರಿ 6% ಇಳಿಯಿತು, ಬಡವರ ಮನೆಗಳಲ್ಲಿ ಇನ್ನೂ ಜಾಸ್ತಿ ಇಳಿಯಿತು. ತೆರಿಗೆ ಬಡವರ ತಲೆ ಮೇಲೆ ಬೀಳುತ್ತದೆ ಅನ್ನುವವರು ಇದನ್ನೂ ನೋಡಬೇಕು, ಯಾಕಂದರೆ ಡಯಾಲಿಸಿಸ್ ಬಿಲ್ಲೂ ಬಡವರನ್ನೇ ಹೆಚ್ಚು ಹಿಂಡುವುದು.

ನಮಗೆ ಹತ್ತಿರದ ಕಥೆ ದಕ್ಷಿಣ ಆಫ್ರಿಕಾದ್ದು. ಅಲ್ಲೂ ಕಬ್ಬು ಇದೆ, ಅಲ್ಲೂ ಬೆಳೆಗಾರರು ಬೀದಿಗೆ ಬೀಳುತ್ತೇವೆ ಅಂತ ವಿರೋಧ ಮಾಡಿದರು. 20%ರ ಆಸುಪಾಸು ಇರಬೇಕಿದ್ದ ತೆರಿಗೆ, 2018ರಲ್ಲಿ ಜಾರಿಯಾಗುವ ಹೊತ್ತಿಗೆ 11%ರ ಹತ್ತಿರಕ್ಕೆ ಇಳಿದಿತ್ತು. ಆದರೂ ಲೆಕ್ಕ ಗ್ರಾಂ ಮೇಲೇ ಉಳಿಯಿತು. 100 ಮಿ.ಲೀ.ಗೆ ಮೊದಲ 4 ಗ್ರಾಂ ಬಿಟ್ಟು, ಮೇಲಿನ ಒಂದೊಂದು ಗ್ರಾಂಗೂ ಆಗ 2.1 ಸೆಂಟ್ ಇತ್ತು.

ಇದನ್ನು ಹೇಳುತ್ತಿದ್ದ ಹಾಗೇ ಭಾವನ ಮುಖ ಗಂಟಾಯಿತು. "ಸಕ್ಕರೆ ತಗೊಳೋರು ಕಮ್ಮಿ ಆದ್ರೆ ನನ್ ಕಬ್ಬಿಗೆ ಯಾರಪ್ಪ ದುಡ್ಡು ಕೊಡೋರು?" ಅಂದರು. ಸುಮ್ನೆ ತಳ್ಳಿಹಾಕುವ ಮಾತಲ್ಲ. ಮೊಬೈಲ್ ತೆಗೆದು ಇಬ್ಬರೂ ಲೆಕ್ಕ ಹಾಕಿದೆವು. 2025-26ರ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ಕಬ್ಬಿಗೆ ಕೊಡಲೇಬೇಕು ಅಂತ ಕೇಂದ್ರ ನಿಗದಿ ಮಾಡಿದ ಕನಿಷ್ಠ ಬೆಲೆ, 10.25% ಸಕ್ಕರೆ ಇಳುವರಿಗೆ ಟನ್ನಿಗೆ 3,550 ರೂಪಾಯಿ. ಒಂದು ಟನ್ ಕಬ್ಬಿನ 102.5 ಕಿಲೋ ಸಕ್ಕರೆಯಲ್ಲಿ ಇಂಥ ಬಾಟಲಿ 1,600ಕ್ಕೂ ಹೆಚ್ಚು ಆಗುತ್ತವೆ. ಭಾಗಿಸಿದರೆ ರೈತನಿಗೆ ಬಾಟಲಿಗೆ ಸುಮಾರು 2 ರೂಪಾಯಿ 20 ಪೈಸೆ, ಅದರಲ್ಲೇ ಗೊಬ್ಬರ, ಆಳು ಎಲ್ಲಾ ಬರಬೇಕು. ನಾವು ಕೊಟ್ಟದ್ದು 40 ರೂಪಾಯಿ. ಅದರಲ್ಲಿ ತೆರಿಗೆಯೇ 11 ರೂಪಾಯಿ ದಾಟುತ್ತದೆ. ಭಾವ ಆ ಎರಡು ಅಂಕಿಗಳನ್ನು ಇನ್ನೊಮ್ಮೆ ಹೇಳಿಸಿಕೊಂಡರು.

ಕಬ್ಬು ಎಂದರೆ ಸಕ್ಕರೆ ಮಾತ್ರ ಅಲ್ಲ ಈಗ. ಪೆಟ್ರೋಲ್‌ಗೆ ಬೆರೆಸುವ ಎಥನಾಲ್‌ಗೂ ಅದೇ ಕಬ್ಬು ಬೇಕು, ಯಾವುದಕ್ಕೆ ಹೋದರೂ ರೈತನಿಗೆ ಎಫ್‌ಆರ್‌ಪಿ ಅದೇ. ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಇದೆ. ಭಾವನಿಗೆ ಒಂದು ಕಾರ್ಖಾನೆಯಿಂದ ಎರಡು ಸಲ ಐದೈದು ತಿಂಗಳು ಹಣ ಬಂದಿರಲಿಲ್ಲ. ಅವರಿಗೆ ಪೆಟ್ಟು ಬಿದ್ದದ್ದು ಅಲ್ಲಿ, ಜನ ಕೋಲಾ ಬಿಟ್ಟಿದ್ದರಿಂದಲ್ಲ.

ಹಾಗಾಗಿ ನನ್ನ ಬೇಡಿಕೆ ಚಿಕ್ಕದು. 40% ಏರಿಸಬೇಡಿ. ಮೈಸೂರು ಪಾಕಿನ ತಂಟೆಗೂ ಹೋಗಬೇಡಿ, ಬಾಯಾರಿತು ಅಂತ ಯಾರೂ ಅದನ್ನು ತಿನ್ನುವುದಿಲ್ಲ. ಬಾಟಲಿಯ ಹಿಂದೆ ಬರೆದಿರುವ ಗ್ರಾಂ ನೋಡಿ ತೆರಿಗೆಯ ಸ್ಲ್ಯಾಬ್ ಮಾಡಿ, ಗ್ಯಾಸ್ ಇರಲಿ ಮಾವು ಇರಲಿ. ಎರಡು ವರ್ಷ ಮೊದಲೇ ಹೇಳಿ ಜಾರಿ ಮಾಡಿ. ಬಂದ ಹಣ ಎಲ್ಲಿಗೆ ಹೋಯಿತು ಅಂತ ಲೆಕ್ಕ ಕೊಡಿ.

ಬಸ್ ಹತ್ತುವಾಗ ಭಾವ ಕೇಳಿದ್ದೂ ಅದನ್ನೇ. "ಆ ಹನ್ನೊಂದು ರೂಪಾಯಲ್ಲಿ ನಮ್ಮೂರ್ ಆಸ್ಪತ್ರೆಗೆ ಶುಗರ್ ಪಟ್ಟಿ ಬತ್ತದ?" ಅಂದರು. ಅವರ ತಾಯಿಗೆ ಬೆರಳು ಚುಚ್ಚಿ ನೋಡುವ ಪಟ್ಟಿ ಅಲ್ಲಿ ಮುಗಿದು ಮೂರು ವಾರ ಆಗಿತ್ತಂತೆ.