ಆ ಕಪ್ಪು ಚುಕ್ಕೆ ಜೀವಕೋಶವಲ್ಲ, ಕಬ್ಬಿಣ

ಜಮಖಂಡಿ ಕಡೆಯ ನಿವೃತ್ತ ಮಾಸ್ತರೊಬ್ಬರು ಮೊಣಕಾಲಿನ ಎಂಆರ್‌ಐ ಮಾಡಿಸಲು ಬಾಗಲಕೋಟೆಗೆ, ನಮ್ಮಲ್ಲಿಗೆ ಬಂದಿದ್ದರು. ಎಲ್ಲೋ ದೂರದ ಊರಲ್ಲಿ ಸ್ಟೆಮ್ ಸೆಲ್, ಅಂದರೆ ಬೇರೆ ಬಗೆಯ ಜೀವಕೋಶವಾಗಿ ಬೆಳೆಯಬಲ್ಲ ಮೂಲ ಜೀವಕೋಶದ ಇಂಜೆಕ್ಷನ್ ಹಾಕಿಸಿಕೊಂಡವರು. ‘ಡಾಕ್ಟರ್ರ, ಆ ಸೆಲ್ ಒಳಗ ಜೀವಂತ ಅದಾವೋ ಇಲ್ಲೋ, ಇದರಾಗ ಕಾಣಸ್ತೈತೇನ್ರಿ?’

‘ಇಲ್ರಿ ಸರ, ಕಾಣಂಗಿಲ್ಲ.’

ಅವರಿಗೆ ನಂಬಿಕೆ ಬರಲಿಲ್ಲ. ಎಲುಬಿನ ಸಣ್ಣ ಬಿರುಕನ್ನೂ ತೋರಿಸುವ ಯಂತ್ರಕ್ಕೆ ಸೆಲ್ ಕಾಣುವುದಿಲ್ಲವೆಂದರೆ ಹೇಗೆ?

ನಮ್ಮ ಕಡೆ ಕುರುಬರು ತಮ್ಮ ಕುರಿ ಬೇರೆ ಹಿಂಡಿನಲ್ಲಿ ಕಲೆತರೆ ಗುರುತು ಸಿಗಲೆಂದು ಬಣ್ಣ ಹಚ್ಚುತ್ತಾರಲ್ಲ, ಹಾಗೆ ಸ್ಟೆಮ್ ಸೆಲ್‌ಗೂ ಚುಚ್ಚುವ ಮೊದಲೇ ಗುರುತು ಹಾಕಬೇಕು. ಆ ಬಣ್ಣವೇ ಕಬ್ಬಿಣದ ಆಕ್ಸೈಡಿನ ನ್ಯಾನೊ ಕಣ. ಕಣದ ಸುತ್ತ ಡೆಕ್ಸ್‌ಟ್ರಾನ್ ಎಂಬ ಸಕ್ಕರೆಯಂಥ ಲೇಪ. ಸ್ಟೆಮ್ ಸೆಲ್ ಇದನ್ನು ತಾನಾಗಿ ಹೆಚ್ಚು ನುಂಗುವುದಿಲ್ಲ. ಋಣ ವಿದ್ಯುದಂಶದ ಕಣಕ್ಕೆ ಧನ ವಿದ್ಯುದಂಶದ ಪ್ರೊಟಮಿನ್ ಎಂಬ ಪ್ರೊಟೀನ್ ಬೆರೆಸಿದರೆ ಚೆನ್ನಾಗಿ ಒಳಗೆಳೆದುಕೊಳ್ಳುತ್ತದೆ. ಒಂದೊಂದು ಸೆಲ್ ಹೊತ್ತುಕೊಳ್ಳುವುದು ಸಾಮಾನ್ಯವಾಗಿ ಹತ್ತಿಪ್ಪತ್ತು ಪಿಕೊಗ್ರಾಂ ಕಬ್ಬಿಣ. ಒಂದು ಪಿಕೊಗ್ರಾಂ ಎಂದರೆ ಗ್ರಾಮಿನ ಲಕ್ಷ ಕೋಟಿಯಲ್ಲಿ ಒಂದು ಪಾಲು.

ನುಂಗಿದೆಯೋ ಇಲ್ಲವೋ ಎಂದು ನೋಡುವುದು ಲ್ಯಾಬಿನ ಕೆಲಸ. ಪೊಟ್ಯಾಸಿಯಂ ಫೆರೊಸಯನೈಡ್ ಮತ್ತು ಹೈಡ್ರೊಕ್ಲೋರಿಕ್ ಆಮ್ಲ ಹಾಕಿದರೆ ಕಬ್ಬಿಣವಿದ್ದಲ್ಲಿ ನೀಲಿ ಮೂಡುತ್ತದೆ. ಆದರೆ ಹೊರಮೈಗೆ ಅಂಟಿಕೊಂಡ ಕಣವೂ ನೀಲಿಯೇ. ನಿಜವಾಗಿ ಒಳಗೆ ಹೋಗಿ ಸಣ್ಣ ಚೀಲಗಳಲ್ಲಿ ಕುಳಿತಿದೆ ಎನ್ನಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು. ಕೆಲವರು ಸೆಲ್‌ಗಳನ್ನು 4 ಡಿಗ್ರಿಯಲ್ಲಿಟ್ಟೂ ನೋಡುತ್ತಾರೆ. ಆ ಚಳಿಯಲ್ಲಿ ನುಂಗುವ ಕೆಲಸ ನಿಲ್ಲುವುದರಿಂದ, ಆಗಲೂ ಕಂಡ ನೀಲಿ ಬರೀ ಅಂಟಿದ್ದು.

ಎಂಆರ್‌ಐಗೆ ಬಂದರೆ ಆಟವೇ ಬೇರೆ. ಕಬ್ಬಿಣ ತನ್ನ ಸುತ್ತಲಿನ ಕಾಂತಕ್ಷೇತ್ರವನ್ನು ಕೆಡಿಸುತ್ತದೆ, ಅಕ್ಕಪಕ್ಕದ ನೀರಿನ ಸಿಗ್ನಲ್ ಅಡಗಿ ಅಲ್ಲೊಂದು ಕಪ್ಪು ಚುಕ್ಕೆ ಬೀಳುತ್ತದೆ. ಚುಕ್ಕೆ ಕಣಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಅದಕ್ಕೇ ಕಣ್ಣಿಗೆ ಬೀಳುವುದು. ನನ್ನ ತಕರಾರು ಇರುವುದೂ ಇಲ್ಲೇ. ಹಳೆಯ ರಕ್ತಸ್ರಾವ ಕಪ್ಪು, ಗಾಳಿಯ ಗುಳ್ಳೆ ಕಪ್ಪು, ಆಪರೇಷನ್ನಿನ ಸ್ಕ್ರೂ ಅಂತೂ ಕಡುಗಪ್ಪು. ಇನ್ನೂ ಮುಖ್ಯವಾಗಿ, ಸೆಲ್ ಸತ್ತರೂ ಕಬ್ಬಿಣ ಉಳಿಯುತ್ತದೆ. ಮೈಯ ಕಸ ಬಳಿಯುವ ಮ್ಯಾಕ್ರೊಫೇಜ್ ಜೀವಕೋಶಗಳು ಸತ್ತ ಸೆಲ್ ಜೊತೆಗೆ ಅದನ್ನೂ ತಿನ್ನುತ್ತವೆ. ಕುರಿ ತೋಳದ ಹೊಟ್ಟೆ ಸೇರಿದರೂ ಬಣ್ಣ ಅಲ್ಲೇ ಇರುತ್ತದೆ! ಸೆಲ್ ಬದುಕಿ, ಒಡೆದು ಎರಡಾದರೆ ಕಬ್ಬಿಣ ಹಂಚಿಹೋಗಿ ಚುಕ್ಕೆ ಮಸುಕಾಗುತ್ತದೆ. ಹೀಗಾಗಿ ಸತ್ತದ್ದು ಢಾಳಾಗಿ, ಬೆಳೆದದ್ದು ಮಂಕಾಗಿ ಕಾಣುವುದೂ ಉಂಟು.

ಹಾಗಂತ ವಿದ್ಯೆ ವ್ಯರ್ಥವಲ್ಲ. 2005ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಚರ್ಮದ ಕ್ಯಾನ್ಸರಿನ 8 ರೋಗಿಗಳ ದುಗ್ಧರಸ ಗ್ರಂಥಿಗೆ (ಲಿಂಫ್ ನೋಡ್) ಕಬ್ಬಿಣದ ಗುರುತಿನ ಡೆಂಡ್ರಿಟಿಕ್ ಸೆಲ್ ಎಂಬ ರೋಗನಿರೋಧಕ ಜೀವಕೋಶ ಚುಚ್ಚಿದರು. ಅಲ್ಟ್ರಾಸೌಂಡ್ ನೋಡಿಕೊಂಡೇ ಸೂಜಿ ಹಾಕಿದ್ದರೂ, ಸೆಲ್ ಸರಿಯಾದ ಜಾಗಕ್ಕೆ ಬಿದ್ದದ್ದು 4 ಜನರಲ್ಲಿ ಮಾತ್ರ ಎಂದು ಎಂಆರ್‌ಐ ತೋರಿಸಿತು. ಸೂಜಿ ಎಲ್ಲಿ ಹೋಯಿತು ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನಾನು ನೋಡಿಲ್ಲ.

ಮಾಸ್ತರು ಎಲ್ಲ ಕೇಳಿಸಿಕೊಂಡು, ‘ಅಂದ್ರ ನನಗ ಹಾಕಿದ್ದಕ್ಕ ಬಣ್ಣಾನೂ ಹಚ್ಚಿಲ್ಲ’ ಅಂದರು. ಹೌದು ಅಂದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯ ಪ್ರಕಾರ ರಕ್ತದ ಕಾಯಿಲೆಗಳಿಗೆ ಮಾಡುವ ಕಸಿಯಂಥವು ಬಿಟ್ಟರೆ ಸ್ಟೆಮ್ ಸೆಲ್ ಚಿಕಿತ್ಸೆಯೆಲ್ಲ ಇನ್ನೂ ಪ್ರಯೋಗದ ಹಂತದ್ದು ಎಂಬುದನ್ನೂ ಹೇಳಿದೆ. ಎಷ್ಟು ರೊಕ್ಕ ಕೊಟ್ಟಿರಿ ಎಂದು ಕೇಳಲು ಮನಸ್ಸಾಗಲಿಲ್ಲ. ಸವೆದ ಮೃದ್ವಸ್ಥಿ, ಹರಿದ ಮೆನಿಸ್ಕಸ್ (ಮೊಣಕಾಲಿನೊಳಗಿನ ಮೆತ್ತೆ), ತುಸು ನೀರು ಎಂದು ರಿಪೋರ್ಟ್ ಬರೆದೆ. ಸ್ಟೆಮ್ ಸೆಲ್ ಬಗ್ಗೆ ಒಂದಕ್ಷರವನ್ನೂ ಬರೆಯಲಿಲ್ಲ.