ದ್ರವಲೋಹ ಸಂಕ್ಷಾರಣ: ಸ್ಟೇನ್‌ಲೆಸ್ ಸ್ಟೀಲ್ ಕೂಡ ಸವೆಯುವ ಬಗೆ

ಕರಗಿದ ಲೋಹವೊಂದು ಸದಾ ಹರಿಯುತ್ತಿರುವ ಕೊಳವೆಯ ಗೋಡೆ ತನ್ನೊಳಗಿನ ಧಾತುಗಳನ್ನು ಆ ಹರಿವಿಗೆ ಬಿಟ್ಟುಕೊಡುತ್ತ ನಿಧಾನವಾಗಿ ಸವೆಯುವುದನ್ನು ದ್ರವಲೋಹ ಸಂಕ್ಷಾರಣ ಎನ್ನುತ್ತಾರೆ. ಕೈಗಾದ ಅಣುವಿದ್ಯುತ್ ಸ್ಥಾವರಗಳಲ್ಲಿ ಶಾಖವನ್ನು ಹೊತ್ತೊಯ್ಯುವುದು ಭಾರಜಲವಾದ್ದರಿಂದ ಅಲ್ಲಿ ಈ ಮಾತು ಹುಟ್ಟುವುದಿಲ್ಲ. ತಮಿಳುನಾಡಿನ ಕಲ್ಪಾಕಂನಲ್ಲಿರುವ ‘ಫಾಸ್ಟ್ ಬ್ರೀಡರ್’ ಬಗೆಯ ರಿಯಾಕ್ಟರುಗಳಲ್ಲಿ ಆ ಕೆಲಸ ಮಾಡುವುದು ಕರಗಿದ ಸೋಡಿಯಂ. ಅಲ್ಲಿನ 500 ಮೆಗಾವಾಟ್ ಮಾದರಿ ರಿಯಾಕ್ಟರಿನಲ್ಲಿ ಇಂಧನದ ಗರ್ಭದಿಂದ ಹೊರಬರುವ ಸೋಡಿಯಂ ಸುಮಾರು 547 ಡಿಗ್ರಿ ಸೆಲ್ಸಿಯಸ್ ಬಿಸಿಯಿರುವಂತೆ ವಿನ್ಯಾಸ ಮಾಡಲಾಗಿದೆ. ಅದನ್ನು ಹಿಡಿದಿಡುವ ಪಾತ್ರೆ 316ಎಲ್ಎನ್ ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದು.

ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯದಿರಲು ಕಾರಣ ಅದರಲ್ಲಿರುವ ಕ್ರೋಮಿಯಂ. ಗಾಳಿಯಲ್ಲೋ ನೀರಿನಲ್ಲೋ ಅದು ಆಮ್ಲಜನಕದೊಡನೆ ಕೂಡಿ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆಯೊಂದನ್ನು ಕಟ್ಟುತ್ತದೆ; ಗೀಚಿದರೆ ಪೊರೆ ತಾನೇ ಮತ್ತೆ ಬೆಳೆಯುತ್ತದೆ. ಬಿಸಿ ಸೋಡಿಯಂನಲ್ಲಿ ಈ ರಕ್ಷಣೆ ಉಳಿಯುವುದಿಲ್ಲ. ಸೋಡಿಯಂಗೆ ಆಮ್ಲಜನಕದ ಮೇಲೆ ಅಷ್ಟು ಪ್ರಬಲವಾದ ಸೆಳೆತವಿದೆ. ಬೆತ್ತಲಾದ ಉಕ್ಕಿನಿಂದ ನಿಕ್ಕಲ್, ಕ್ರೋಮಿಯಂ, ಕಬ್ಬಿಣ ಎಲ್ಲವೂ ಅತ್ಯಲ್ಪ ಪ್ರಮಾಣದಲ್ಲಿ ಕರಗತೊಡಗುತ್ತವೆ. ನೀರಿನಲ್ಲಿ ಆಗುವ ತುಕ್ಕಿನಂತೆ ಇದು ವಿದ್ಯುತ್‌ರಾಸಾಯನಿಕ ಕ್ರಿಯೆಯಲ್ಲ, ಬಹುಮಟ್ಟಿಗೆ ನೇರವಾದ ಕರಗುವಿಕೆ.

ಕರಗಿದ್ದು ಸೋಡಿಯಂನಲ್ಲೇ ಉಳಿದಿದ್ದರೆ ಅದು ಬೇಗನೆ ಸಂತೃಪ್ತಗೊಂಡು ಸವೆತ ನಿಂತುಹೋಗುತ್ತಿತ್ತು. ಆದರೆ ರಿಯಾಕ್ಟರಿನ ಒಂದು ಕಡೆ ಬಿಸಿ, ಇನ್ನೊಂದು ಕಡೆ ತಂಪು. ಸಕ್ಕರೆ ಪಾಕ ಆರುತ್ತ ಹರಳುಗಟ್ಟುವ ಹಾಗೆ, ಬಿಸಿ ಭಾಗದಲ್ಲಿ ಕರಗಿದ ಲೋಹ ತಂಪು ಭಾಗದ ಗೋಡೆಗೆ ಬಂದು ಕೂರುತ್ತದೆ. ಹೊರೆ ಇಳಿಸಿಕೊಂಡ ಸೋಡಿಯಂ ಮತ್ತೆ ಬಿಸಿ ಭಾಗಕ್ಕೆ ಹೋಗಿ ಇನ್ನಷ್ಟನ್ನು ಕರಗಿಸುತ್ತದೆ. ಇಂಧನ ಕವಚದಿಂದ ಹೊರಟ ಪರಮಾಣುಗಳಲ್ಲಿ ಕೆಲವು ನ್ಯೂಟ್ರಾನುಗಳ ಹೊಡೆತಕ್ಕೆ ವಿಕಿರಣಶೀಲವಾಗಿರುತ್ತವೆ. ಮ್ಯಾಂಗನೀಸ್-54, ಕೋಬಾಲ್ಟ್-60 ಹೀಗೆ ದೂರದ ಪಂಪು, ಶಾಖವಿನಿಮಯಕಗಳ ಮೇಲೆ ಕೂತಾಗ ಅವುಗಳನ್ನು ದುರಸ್ತಿ ಮಾಡುವ ಕೆಲಸಗಾರರಿಗೆ ತಗಲುವ ವಿಕಿರಣ ಹೆಚ್ಚುತ್ತದೆ. ಗೋಡೆಯ ದಪ್ಪ ಕಡಿಮೆಯಾಗುವುದಕ್ಕಿಂತ ಇದೇ ದೊಡ್ಡ ತೊಂದರೆ ಎಂದು ನನಗನ್ನಿಸುತ್ತದೆ, ಏಕೆಂದರೆ ಶುದ್ಧ ಸೋಡಿಯಂನಲ್ಲಿ ಸವೆತ ವರ್ಷಕ್ಕೆ ಕೆಲವೇ ಮೈಕ್ರಾನ್.

ಇಲ್ಲಿ ‘ಶುದ್ಧ’ ಎಂದರೆ ಆಮ್ಲಜನಕ ತೀರಾ ಕಡಿಮೆಯಿರುವ ಎಂದರ್ಥ. ಆಮ್ಲಜನಕ ಏರಿದಂತೆ ಸವೆತವೂ ಏರುತ್ತದೆ. ಕ್ರೋಮಿಯಂ ಆಗ ‘ಸೋಡಿಯಂ ಕ್ರೋಮೈಟ್’ ಎಂಬ ಸಂಯುಕ್ತವಾಗಿ ಉಕ್ಕನ್ನು ಬಿಟ್ಟುಹೋಗುತ್ತದೆ. ಅದಕ್ಕಾಗಿ ಸೋಡಿಯಂನ ಒಂದು ಭಾಗವನ್ನು ಸದಾ ‘ಕೋಲ್ಡ್ ಟ್ರ್ಯಾಪ್’ ಮೂಲಕ ಹಾಯಿಸುತ್ತಾರೆ. ತಂಪಾದ ಆ ತೊಟ್ಟಿಯ ತಂತಿಜಾಲದ ಮೇಲೆ ಸೋಡಿಯಂ ಆಕ್ಸೈಡ್ ಹರಳಾಗಿ ಸಿಕ್ಕಿಬೀಳುತ್ತದೆ, ಹತ್ತು ಲಕ್ಷದಲ್ಲಿ ಕೆಲವೇ ಭಾಗದಷ್ಟು ಆಮ್ಲಜನಕ ಮಾತ್ರ ಉಳಿಯುತ್ತದೆ. ಇಂಗಾಲದ ಓಡಾಟವೂ ಇದೆ: ಒಂದು ಬಗೆಯ ಉಕ್ಕಿನಿಂದ ಹೊರಟು ಇನ್ನೊಂದನ್ನು ಸೇರಿ, ಮೊದಲನೆಯದನ್ನು ಮೆದುವಾಗಿಸಿ ಎರಡನೆಯದನ್ನು ಪೆಡಸಾಗಿಸುತ್ತದೆ.

ಸೋಡಿಯಂನ ಜಾಗದಲ್ಲಿ ಸೀಸವನ್ನೋ ಸೀಸ-ಬಿಸ್ಮತ್ ಮಿಶ್ರಲೋಹವನ್ನೋ ಹರಿಸಿದರೆ ಲೆಕ್ಕಾಚಾರ ತಿರುವುಮುರುವಾಗುತ್ತದೆ. ಈ ವಿಷಯದಲ್ಲಿ ನನ್ನನ್ನು ಹೆಚ್ಚು ಹಿಡಿದಿಟ್ಟ ಭಾಗ ಇದೇ. ಸೀಸ-ಬಿಸ್ಮತ್‌ನಲ್ಲಿ ನಿಕ್ಕಲ್ ಧಾರಾಳವಾಗಿ ಕರಗುತ್ತದೆ, ಹಾಗಾಗಿ ನಿಕ್ಕಲ್ ತುಂಬಿದ 316ರಂಥ ಉಕ್ಕು ಬಿಸಿ ಏರಿದಾಗ ಬೇಗ ಸೋಲುತ್ತದೆ. ಆದರೆ ಸೀಸಕ್ಕೆ ಆಮ್ಲಜನಕದ ಸೆಳೆತ ಕಬ್ಬಿಣ, ಕ್ರೋಮಿಯಂಗಳಿಗಿಂತ ಕಡಿಮೆ. ಆದ್ದರಿಂದ ಅದರೊಳಗೆ ಬೇಕೆಂದೇ ಒಂದಿಷ್ಟು ಆಮ್ಲಜನಕ ಕರಗಿಸಿಟ್ಟರೆ ಉಕ್ಕಿನ ಮೇಲೆ ರಕ್ಷಣೆಯ ಪೊರೆ ಬೆಳೆಯುತ್ತದೆ. ಸೋಡಿಯಂನಲ್ಲಿ ಹೊರಗಟ್ಟಬೇಕಾದ ಧಾತುವನ್ನು ಇಲ್ಲಿ ಅಳೆದು ಉಣಿಸಬೇಕು.

ಅಳತೆ ಮಾತ್ರ ಬಹಳ ಸೂಕ್ಷ್ಮ, ತೂಕದಲ್ಲಿ ಸುಮಾರು ಹತ್ತು ಕೋಟಿಗೆ ಒಂದು ಭಾಗ. ತೀರಾ ಕಡಿಮೆಯಾದರೆ ಪೊರೆ ನಿಲ್ಲದು. ಹೆಚ್ಚಾದರೆ ಸೀಸದ ಆಕ್ಸೈಡ್ ಗಸಿಯಾಗಿ ಹರಿವಿನ ದಾರಿಯನ್ನೇ ಮುಚ್ಚುತ್ತದೆ. ಇದನ್ನು ಸೋವಿಯತ್ ನೌಕಾಪಡೆ ಜೀವ ತೆತ್ತು ಕಲಿಯಿತು. 1968ರ ಮೇ ತಿಂಗಳಲ್ಲಿ ಸೀಸ-ಬಿಸ್ಮತ್ ತಂಪುಕಾರಕದ ಕೆ-27 ಜಲಾಂತರ್ಗಾಮಿಯ ಒಂದು ರಿಯಾಕ್ಟರಿನಲ್ಲಿ ಗಸಿ ಕಟ್ಟಿ, ತಂಪು ಸಿಗದೆ ಇಂಧನ ಹಾಳಾಯಿತು. ವಿಕಿರಣಕ್ಕೆ ಸಿಕ್ಕಿ ಒಂಬತ್ತು ನಾವಿಕರು ಸತ್ತರು. ಈಗ ಕರಗಿದ ಸೀಸದಲ್ಲಿ ಮುಳುಗಿಸಿದ ಜಿರ್ಕೋನಿಯಾ ಪಿಂಗಾಣಿಯ ಸಂವೇದಕಗಳು ಆಮ್ಲಜನಕವನ್ನು ಬಿಡದೆ ಅಳೆಯುತ್ತವೆ. ಉಕ್ಕನ್ನೂ ಬದಲಿಸಿದ್ದಾರೆ: ನಿಕ್ಕಲ್ ಇಳಿಸಿ, ಪೊರೆ ಗಟ್ಟಿಯಾಗಲೆಂದು ಸಿಲಿಕಾನ್ ಬೆರೆಸಿದ ಬಗೆಗಳು ರಷ್ಯಾದಲ್ಲಿ ಸಿದ್ಧವಾದವು. 2021ರಲ್ಲಿ ಅಲ್ಲಿನ ಸೇವೆರ್ಸ್ಕ್‌ನಲ್ಲಿ ಕಟ್ಟಲು ತೊಡಗಿದ ಬ್ರೆಸ್ಟ್ ರಿಯಾಕ್ಟರಿಗೆ ತಂಪುಕಾರಕವಾಗಿ ಶುದ್ಧ ಸೀಸವನ್ನೇ ಆರಿಸಿಕೊಂಡಿದ್ದಾರೆ.